ಒಂದೇ ಎಳೆ, ಮೂರು ಕೆಲಸ: ಮಂಗನ ಕಾಯಿಲೆಯ ವೈರಸ್ಸಿನ ಒಳಗು

ಮಲೆನಾಡಿನ ಊರೊಂದರಲ್ಲಿ ಕೃಷಿಕರು, ಶಿಕ್ಷಕರು, ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಅಂದು ಕೈಬೆರಳಿನಿಂದಲೂ ಕಪ್ಪುಹಲಗೆಯ ಗೀಟುಗಳಿಂದಲೂ ತೋರಿಸಿದ್ದನ್ನು ಇಲ್ಲಿ ವಾಕ್ಯಗಳಲ್ಲೇ ಹೇಳಬೇಕಾಗಿರುವುದರಿಂದ ಕೆಲವೆಡೆ ಮಾತು ಉದ್ದವಾಗಿದೆ. ಸಭಿಕರು ಕೇಳಿದ ಪ್ರಶ್ನೆಗಳನ್ನು ಅವು ಹುಟ್ಟಿದ ಜಾಗದಲ್ಲೇ ಸೇರಿಸಿದ್ದೇನೆ.

1957ರ ಮೊದಲ ತಿಂಗಳುಗಳಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳು ಸತ್ತು ಬೀಳುತ್ತಿವೆ ಎಂಬ ಸುದ್ದಿ ಹಬ್ಬಿತು. ಕಪ್ಪು ಮೋರೆಯ ಮುಸುವಗಳೂ ಸಾಯುತ್ತಿದ್ದವು, ಕೆಂಪು ಮೋರೆಯ ಮಂಗಗಳೂ ಸಾಯುತ್ತಿದ್ದವು. ಅದೇ ಹೊತ್ತಿಗೆ ಕಾಡಿಗೆ ಹೋಗಿಬಂದ ಜನರಲ್ಲಿ ಕಡುಜ್ವರ, ತಡೆಯಲಾಗದ ಮೈಕೈನೋವು, ಕೆಲವರಲ್ಲಿ ರಕ್ತಸ್ರಾವ ಕಾಣಿಸಿಕೊಂಡವು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ, ಅಂದರೆ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆಯಿಂದ, ಬಂದ ತಜ್ಞರಿಗೆ ಮೊದಲು ಹುಟ್ಟಿದ ಭಯ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಸಾಲಾಗಿ ಸಾಯತೊಡಗಿದರೆ ಹಳದಿ ಜ್ವರ ಸಮೀಪಿಸಿದೆಯೆಂದೇ ಅರ್ಥ. ಆ ರೋಗ ಭಾರತಕ್ಕೆ ಎಂದೂ ಕಾಲಿಟ್ಟಿರಲಿಲ್ಲ. ಪ್ರಯೋಗಾಲಯದಲ್ಲಿ ಸಿಕ್ಕ ವೈರಸ್ ಮಾತ್ರ ಹಳದಿ ಜ್ವರದ್ದಾಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮೆದುಳುಜ್ವರದ ವೈರಸ್‌ಗೆ ತೀರ ಹತ್ತಿರದ, ಆದರೆ ಅದುವರೆಗೆ ಯಾರೂ ಗುರುತಿಸದಿದ್ದ ಹೊಸತೊಂದು ವೈರಸ್ ಅದಾಗಿತ್ತು. ಅದನ್ನು ಹೊತ್ತು ತಿರುಗುತ್ತಿದ್ದುದು ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಹೆಸರಿನ ಕಾಡು ಉಣ್ಣೆ, ನೀವು ಉಣುಗು ಎನ್ನುವುದು.

ತಜ್ಞರ ಅನುಮಾನ ತಪ್ಪಾಗಿತ್ತು, ಆದರೆ ಮನೆತನ ತಪ್ಪಿರಲಿಲ್ಲ. ಹಳದಿ ಜ್ವರ, ಡೆಂಗಿ, ಜಪಾನೀ ಮೆದುಳುಜ್ವರ, ವೆಸ್ಟ್ ನೈಲ್, ಝೀಕಾ, ನಮ್ಮ ಕ್ಯಾಸನೂರು ಕಾಡಿನ ಕಾಯಿಲೆ, ಇವೆಲ್ಲವನ್ನೂ ತರುವ ವೈರಸ್‌ಗಳು ಫ್ಲೇವಿವೈರಸ್ ಎಂಬ ಒಂದೇ ಮನೆತನದವು. ಲ್ಯಾಟಿನ್ನಿನ ಫ್ಲೇವಸ್ ಎಂದರೆ ಹಳದಿ. ಇವುಗಳ ಜೊತೆಗೆ ಚಿಕುನ್‌ಗುನ್ಯಾ, ಕೊರೊನಾ, ಹೆಪಟೈಟಿಸ್ ಸಿ ವೈರಸ್‌ಗಳನ್ನೂ ಸೇರಿಸಿ ವಿಜ್ಞಾನಿಗಳು ‘ಹೊದಿಕೆಯುಳ್ಳ, ಪಾಸಿಟಿವ್ ಎಳೆಯ ಆರ್‌ಎನ್‌ಎ ವೈರಸ್‌ಗಳು’ ಎನ್ನುತ್ತಾರೆ. ಹೆಸರು ಉದ್ದವಾಯಿತು, ನಿಜ. ಆದರೆ ಅದರ ಒಂದೊಂದು ಪದವೂ ಕೆಲಸದ್ದೇ ಆಗಿದೆ, ಆದ್ದರಿಂದ ಒಂದೊಂದನ್ನಾಗಿ ಬಿಡಿಸುತ್ತೇನೆ.

ಮೊದಲು ‘ಪಾಸಿಟಿವ್’. ರಕ್ತಪರೀಕ್ಷೆಯ ವರದಿಯಲ್ಲಿ ಬರುವ ಪಾಸಿಟಿವ್‌ಗೂ ಇದಕ್ಕೂ ಏನೂ ಸಂಬಂಧವಿಲ್ಲ. ನಮ್ಮ ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ಯಂತ್ರಕ್ಕೆ ರೈಬೋಸೋಮ್ ಎಂದು ಹೆಸರು. ಅದು ಆರ್‌ಎನ್‌ಎ, ಅಂದರೆ ತಳಿಬರಹ ಹೊತ್ತ ಅಣುವಿನ, ಎಳೆಯೊಂದನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಓದುತ್ತಾ ಹೋಗುತ್ತದೆ, ಓದಿದಂತೆ ಪ್ರೋಟೀನ್ ಹೆಣೆಯುತ್ತದೆ. ರೈಬೋಸೋಮ್ ನೇರವಾಗಿ ಓದಬಲ್ಲ ಎಳೆ ಪಾಸಿಟಿವ್ ಎಳೆ. ಅದರ ಪ್ರತಿಬಿಂಬವಾದ, ರೈಬೋಸೋಮ್‌ಗೆ ಅರ್ಥವಾಗದ ಎಳೆ ನೆಗೆಟಿವ್ ಎಳೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವ ಮನೆಗಳಲ್ಲಿ ಇದನ್ನು ವಿವರಿಸುವುದು ಸುಲಭ. ಮರದ ಅಚ್ಚಿನಲ್ಲಿ ಗಿಳಿ ಹಳ್ಳವಾಗಿರುತ್ತದೆ. ಪಾಕ ಹೊಯ್ದು ತೆಗೆದ ಸಕ್ಕರೆಯಲ್ಲಿ ಗಿಳಿ ಉಬ್ಬಿರುತ್ತದೆ. ಹಂಚುವುದಕ್ಕೆ, ತಿನ್ನುವುದಕ್ಕೆ ಬರುವುದು ಸಕ್ಕರೆಯ ಗಿಳಿ, ಅಂದರೆ ಪಾಸಿಟಿವ್ ಎಳೆ. ಇನ್ನಷ್ಟು ಗಿಳಿಗಳನ್ನು ಮಾಡಬೇಕೆಂದರೆ ಮಾತ್ರ ಮರದ ಅಚ್ಚು, ಅಂದರೆ ನೆಗೆಟಿವ್ ಎಳೆ, ಬೇಕಾಗುತ್ತದೆ.

ಇನ್‌ಫ್ಲುಯೆಂಜಾ, ದಡಾರ, ರೇಬೀಸ್ ವೈರಸ್‌ಗಳು ಅಚ್ಚನ್ನು ಹೊತ್ತು ಬರುತ್ತವೆ. ಅಚ್ಚನ್ನು ರೈಬೋಸೋಮ್ ಓದಲಾರದಾದ್ದರಿಂದ, ಅದರಿಂದ ಪಾಸಿಟಿವ್ ಎಳೆ ತೆಗೆಯುವ ಕಿಣ್ವವನ್ನೂ ಅವು ಮೈಯೊಳಗೆ ಇಟ್ಟುಕೊಂಡೇ ಬರಬೇಕು. ಮಂಗನ ಕಾಯಿಲೆಯ ವೈರಸ್ಸಿಗೆ ಆ ಹಂಗಿಲ್ಲ. ಅದರ ಎಳೆಯೇ ಆದೇಶಪತ್ರ. ಜೀವಕೋಶದೊಳಗೆ ಬಿದ್ದ ಕ್ಷಣದಿಂದ ಓದಿಸಿಕೊಳ್ಳತೊಡಗುತ್ತದೆ. ಬರಿಯ ಆರ್‌ಎನ್‌ಎ ಸೋಂಕು ತರಬಲ್ಲದು ಎಂಬುದನ್ನು 1956ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಗೀರರ್ ಮತ್ತು ಶ್ರಾಮ್ ಎಂಬಿಬ್ಬರು ತಂಬಾಕಿನ ಮೊಸಾಯಿಕ್ ವೈರಸ್‌ನಲ್ಲಿ ತೋರಿಸಿದ್ದರು. ಆ ವೈರಸ್‌ಗೆ ಕೊಬ್ಬಿನ ಹೊದಿಕೆಯಿಲ್ಲ, ಅದು ಗಿಡಗಳದ್ದು. ಆದರೂ ತತ್ತ್ವ ಅದೇ. ಪ್ರೋಟೀನನ್ನೆಲ್ಲ ಕಳಚಿ, ಎಳೆಯನ್ನಷ್ಟೇ ತಂಬಾಕಿನ ಎಲೆಗೆ ಉಜ್ಜಿದರೂ ರೋಗ ಬಂತು, ಪೂರ್ಣ ವೈರಸ್‌ಗಳು ಹುಟ್ಟಿದವು. ಅದಾದ ಮರುವರ್ಷವೇ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದ್ದು.

ನಮ್ಮ ವೈರಸ್ಸಿನ ಎಳೆಯಲ್ಲಿ ಸುಮಾರು 10,800 ನ್ಯೂಕ್ಲಿಯೊಟೈಡ್‌ಗಳಿವೆ, ಅಂದರೆ ಅಷ್ಟು ಅಕ್ಷರಗಳು. ಮನುಷ್ಯನ ಒಂದು ಜೀವಕೋಶದಲ್ಲಿರುವ ಬರಹ ಮುನ್ನೂರು ಕೋಟಿ ಅಕ್ಷರಗಳ ಎರಡು ಪ್ರತಿ. ಈ ಹತ್ತು ಸಾವಿರ ಚಿಲ್ಲರೆ ಅಕ್ಷರಗಳಲ್ಲಿ ಬರೆದಿರುವುದು ಹತ್ತು ಪ್ರೋಟೀನ್‌ಗಳ ವಿವರ. ಮೂರು ಪ್ರೋಟೀನ್‌ಗಳು ವೈರಸ್ಸಿನ ಮೈಯಾಗುತ್ತವೆ: ಎಳೆಯನ್ನು ಸುತ್ತಿಡುವ ಕ್ಯಾಪ್ಸಿಡ್, ಹೊದಿಕೆಯ ಮೇಲಿನ ಇ, ಅದರ ಜೊತೆಗಾರ ಪಿಆರ್‌ಎಂ. ಉಳಿದ ಏಳಕ್ಕೆ ವೈರಸ್ಸಿನ ಮೈಯಲ್ಲಿ ಜಾಗವಿಲ್ಲ. ಅವು ಜೀವಕೋಶದೊಳಗೆ ದುಡಿಯುವ ಆಳುಗಳು. ರಚನೆಗೆ ಸೇರದವು ಎಂಬ ಅರ್ಥದಲ್ಲಿ ಅವಕ್ಕೆ ಎನ್‌ಎಸ್ ಎಂದು ಹೆಸರಿಟ್ಟು ಕ್ರಮಸಂಖ್ಯೆ ಕೊಟ್ಟಿದ್ದಾರೆ. ಡೆಂಗಿಯ ಅನುಮಾನವಿದ್ದಾಗ ವೈದ್ಯರು ಬರೆದುಕೊಡುವ ‘ಎನ್‌ಎಸ್1’ ಪರೀಕ್ಷೆಯನ್ನು ನಿಮ್ಮಲ್ಲಿ ಹಲವರು ಮಾಡಿಸಿರಬಹುದು. ಆ ಎನ್‌ಎಸ್1 ಈ ಏಳರಲ್ಲಿ ಮೊದಲನೆಯದು. ಸೋಂಕು ತಗುಲಿದ ಜೀವಕೋಶ ಅದನ್ನು ಹೊರಕ್ಕೂ ಚೆಲ್ಲುವುದರಿಂದ ಜ್ವರದ ಮೊದಲ ದಿನಗಳಲ್ಲೇ ರಕ್ತದಲ್ಲಿ ಸಿಗುತ್ತದೆ.

ಇನ್ನು ಹೊದಿಕೆಯ ಮಾತು. ಇಲ್ಲೊಂದು ವಿಷಯ ಮೊದಲೇ ಹೇಳಬೇಕು. ಮಂಗನ ಕಾಯಿಲೆಯ ವೈರಸ್ಸನ್ನು ಅತಿ ಹೆಚ್ಚಿನ ಸುರಕ್ಷತೆಯ ಪ್ರಯೋಗಾಲಯಗಳಲ್ಲಿ ಮಾತ್ರ ಮುಟ್ಟಬಹುದು. ಹೀಗಾಗಿ ಮುಂದೆ ಹೇಳುವ ಸೂಕ್ಷ್ಮ ವಿವರಗಳಲ್ಲಿ ಬಹುಪಾಲು ಅದರ ದಾಯಾದಿಗಳಾದ ಡೆಂಗಿ ವೈರಸ್ ಮತ್ತು ಯುರೋಪಿನ ಉಣ್ಣೆ ಮೆದುಳುಜ್ವರದ ವೈರಸ್‌ಗಳಲ್ಲಿ ಕಂಡದ್ದು. ಮನೆಯ ನಕ್ಷೆ ಒಂದೇ ಆಗಿರುವುದರಿಂದ ಇದು ನಮ್ಮದಕ್ಕೂ ಸಲ್ಲುತ್ತದೆ.

ಬಲಿತ ವೈರಸ್ ಕಣದ ಅಡ್ಡಳತೆ ಸುಮಾರು 50 ನ್ಯಾನೋಮೀಟರ್. ಇಪ್ಪತ್ತು ಸಾವಿರ ಕಣಗಳನ್ನು ಒತ್ತಾಗಿ ಸಾಲು ಹಿಡಿಸಿದರೆ ಒಂದು ಮಿಲಿಮೀಟರ್ ಆಗುತ್ತದೆ. ಅದರೊಳಗಿನ ಎಳೆಯನ್ನು ನೆಟ್ಟಗೆ ಎಳೆದರೆ ಮೂರು ಮೈಕ್ರೋಮೀಟರಿಗೂ ಹೆಚ್ಚು ಉದ್ದ, ಅಂದರೆ ಕಣದ ಅಡ್ಡಳತೆಯ ಅರವತ್ತು ಪಟ್ಟಿಗೂ ಮಿಗಿಲು. ಅಷ್ಟುದ್ದದ ಎಳೆ ಪುಟ್ಟ ಕ್ಯಾಪ್ಸಿಡ್ ಪ್ರೋಟೀನ್‌ಗಳ ಜೊತೆ ಉಂಡೆಯಾಗಿ ನಡುವೆ ಕೂತಿರುತ್ತದೆ. ಈ ಉಂಡೆಯಲ್ಲಿ ಅಚ್ಚುಕಟ್ಟೇನೂ ಕಾಣುವುದಿಲ್ಲ. ಚಿಕುನ್‌ಗುನ್ಯಾ ವೈರಸ್ಸಿನಲ್ಲಿ ಕ್ಯಾಪ್ಸಿಡ್ ಸಹ ಲೆಕ್ಕಹಾಕಿ ಜೋಡಿಸಿದಂತೆ ಇರುತ್ತದೆ. ಫ್ಲೇವಿವೈರಸ್‌ನದು ಅವಸರದಲ್ಲಿ ಸುತ್ತಿದ ನೂಲಿನಂತೆ.

ಉಂಡೆಯ ಸುತ್ತ ಕೊಬ್ಬಿನ ಇಮ್ಮಡಿ ಪದರ ಇದೆ. ‘ಹೊದಿಕೆಯುಳ್ಳ’ ಎಂಬ ವಿಶೇಷಣ ಬಂದದ್ದು ಇದರಿಂದ. ಈ ಪೊರೆ ವೈರಸ್ಸಿನ ಸ್ವಂತದ್ದಲ್ಲ, ಸೋಂಕಿಗೊಳಗಾದ ಜೀವಕೋಶದ ಒಳಪೊರೆಯಿಂದ ಹರಿದುಕೊಂಡು ಬಂದದ್ದು. ಮಂಗನ ರಕ್ತದಲ್ಲಿ ತೇಲುವ ವೈರಸ್ಸಿನ ಮೇಲೆ ಮಂಗನ ಕೊಬ್ಬು, ಉಣ್ಣೆಯ ಜೊಲ್ಲಿನಲ್ಲಿ ಬಂದ ವೈರಸ್ಸಿನ ಮೇಲೆ ಉಣ್ಣೆಯ ಕೊಬ್ಬು. ಎಳೆಯಲ್ಲಿ ಕೊಬ್ಬು ತಯಾರಿಸುವ ಬಗ್ಗೆ ಒಂದಕ್ಷರವೂ ಬರೆದಿಲ್ಲ.

ಪೊರೆಯ ಮೇಲೆ ಇ ಪ್ರೋಟೀನಿನ 180 ಪ್ರತಿಗಳಿವೆ. ಕೊರೊನಾ ವೈರಸ್ಸಿನ ಚಿತ್ರಗಳನ್ನು ನೋಡಿ ನೋಡಿ ವೈರಸ್ ಎಂದರೆ ಮುಳ್ಳಿನ ಚೆಂಡು ಎಂಬ ಕಲ್ಪನೆ ನಮ್ಮಲ್ಲಿ ಗಟ್ಟಿಯಾಗಿದೆ. ಬಲಿತ ಫ್ಲೇವಿವೈರಸ್ ಹಾಗಿಲ್ಲ, ಅದು ನುಣುಪು. ಉದ್ದನೆಯ ಇ ಪ್ರೋಟೀನ್‌ಗಳು ಎರಡೆರಡಾಗಿ ತಬ್ಬಿಕೊಂಡು, ಮಾಡಿನ ಮೇಲೆ ಹೊದಿಸಿದ ಹೆಂಚಿನಂತೆ ಮಲಗಿರುತ್ತವೆ. ಸಂದಿ ಉಳಿಯದಷ್ಟು ಒತ್ತಾಗಿ ಇರುವುದರಿಂದ ಕೊಬ್ಬಿನ ಪದರ ಹೊರಗೆ ಕಾಣುವುದೇ ಇಲ್ಲ. ಇ ಪ್ರೋಟೀನಿನ ಆಕಾರವನ್ನು ಪರಮಾಣುಗಳ ಮಟ್ಟದಲ್ಲಿ ಮೊದಲು ಬಿಡಿಸಿದ್ದು 1995ರಲ್ಲಿ, ಫೀಲಿಕ್ಸ್ ರೇ ಮತ್ತು ಸಂಗಡಿಗರು, ಅದೂ ನಮ್ಮ ವೈರಸ್ಸಿನ ಯುರೋಪಿನ ದಾಯಾದಿಯಿಂದ ತೆಗೆದ ಪ್ರೋಟೀನಿನಲ್ಲಿ. ಇಡೀ ಕಣದ ಮೇಲೆ ಈ ಹೆಂಚುಗಳು ಹೇಗೆ ಹಾಸಿಕೊಂಡಿವೆ ಎಂಬುದನ್ನು 2002ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ರಿಚರ್ಡ್ ಕುನ್, ಮೈಕೆಲ್ ರಾಸ್‌ಮನ್ ಮೊದಲಾದವರು ಡೆಂಗಿ ವೈರಸ್ಸಿನಲ್ಲಿ ಕಂಡರು. ತೊಂಬತ್ತು ಜೋಡಿಗಳು, ಮೂರು ಮೂರು ಜೋಡಿಗಳ ಮೂವತ್ತು ತೆಪ್ಪಗಳಾಗಿ, ಓರೆಓರೆಯಾಗಿ ಹೆಣೆದ ಚಾಪೆಯಂತೆ ಕಣವನ್ನು ಮುಚ್ಚಿದ್ದವು.

ಇಲ್ಲಿಗೆ ಬಂದಾಗ ಸಭೆಯ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು: “ಅಲ್ಲ ಮೇಷ್ಟ್ರೇ, ಮೇಲಿರುವುದು ಬರೀ ಕೊಬ್ಬು ಎಂದಾದರೆ ಸೋಪು ಹಾಕಿ ತೊಳೆದರೆ ಸಾಕಲ್ಲ? ಕೊರೊನಾ ಕಾಲದಲ್ಲಿ ಅದನ್ನೇ ಹೇಳಿದಿರಿ. ಮತ್ತೆ ನಮಗೆ ಎಣ್ಣೆ ಯಾಕೆ ಹಚ್ಚಿಕೊಳ್ಳಲು ಹೇಳುತ್ತಾರೆ?”

ಪ್ರಶ್ನೆ ಬಹಳ ಸರಿಯಾಗಿತ್ತು. ಸೋಪು ಈ ಹೊದಿಕೆಯನ್ನು ಕರಗಿಸುತ್ತದೆ ಎಂಬುದು ನಿಜ. ಬಿಸಿಲಿಗೆ ಒಣಗಿದರೂ ಅದು ಕೆಡುತ್ತದೆ. ಹೊದಿಕೆಯಿಲ್ಲದ ಪೋಲಿಯೊ ವೈರಸ್ ಹೊಟ್ಟೆಯ ಆಮ್ಲವನ್ನೂ ಚರಂಡಿಯ ನೀರನ್ನೂ ದಾಟಿ ಬದುಕಬಲ್ಲದು. ನಮ್ಮ ವೈರಸ್ಸಿಗೆ ಆ ತಾಕತ್ತಿಲ್ಲ. ಹೊರ ಜಗತ್ತಿನ ಗಾಳಿ, ಬಿಸಿಲು, ನೀರುಗಳಿಗೆ ಮೈಯೊಡ್ಡದೆ ಒಂದು ಮೈಯಿಂದ ಇನ್ನೊಂದು ಮೈಗೆ ಹೋಗುವ ದಾರಿ ಅದಕ್ಕೆ ಬೇಕು, ಆ ದಾರಿಯೇ ಉಣ್ಣೆ. ಉಣ್ಣೆ ತನ್ನ ಜೊಲ್ಲಿನ ಜೊತೆ ವೈರಸ್ಸನ್ನು ಚರ್ಮದ ಕೆಳಗೇ ಇಳಿಸುವುದರಿಂದ ಸೋಪಿನ ಕೈಗೆ ಅದು ಸಿಗುವುದೇ ಇಲ್ಲ. ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಹಂಚುತ್ತಿದ್ದ ಡಿಎಂಪಿ ಎಣ್ಣೆಯಾಗಲಿ ಈಚಿನ ಡೇಪಾ ತೈಲವಾಗಲಿ ವೈರಸ್ಸನ್ನು ಕೊಲ್ಲುವುದಕ್ಕಲ್ಲ, ಉಣ್ಣೆಯನ್ನು ದೂರ ಇಡುವುದಕ್ಕೆ. ಈ ನಿಯಮಕ್ಕೂ ಒಂದು ಅಪವಾದ ಉಂಟು: ಮಧ್ಯ ಯುರೋಪಿನಲ್ಲಿ ಉಣ್ಣೆ ಮೆದುಳುಜ್ವರದ ವೈರಸ್ ಸೋಂಕು ತಗುಲಿದ ಮೇಕೆಯ ಹಸಿ ಹಾಲಿನ ಮೂಲಕವೂ ಜನರಿಗೆ ಹರಡಿದೆ. ಹಾಲಿನ ಕೊಬ್ಬು ವೈರಸ್ಸನ್ನು ಹೊಟ್ಟೆಯಲ್ಲಿ ಕಾಪಾಡುತ್ತದೆಂದು ತೋರುತ್ತದೆ.

ಹೊದಿಕೆ ವೈರಸ್ಸಿನ ದೌರ್ಬಲ್ಯವಾದರೆ, ಅದನ್ನು ಹೊತ್ತುಕೊಂಡಿರುವುದೇಕೆ? ಒಳಗೆ ನುಗ್ಗುವುದಕ್ಕೆ. ಪೊರೆಗೆ ಪೊರೆ ಬೆಸೆಯುತ್ತದೆ. ಈ ಬೆಸುಗೆಯನ್ನು ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇಡೀ ಕಥೆಯಲ್ಲಿ ನನಗೆ ಅತ್ಯಂತ ಅಚ್ಚರಿ ಹುಟ್ಟಿಸುವ ಭಾಗ ಇದು.

ವೈರಸ್ ಜೀವಕೋಶದ ಮೈಗೆ ಅಂಟಿದಾಗ, ಜೀವಕೋಶವು ಅದನ್ನು ತಿನ್ನುವ ಪದಾರ್ಥವೆಂಬಂತೆ ಪೊರೆಯ ಚೀಲವೊಂದರಲ್ಲಿ ಸುತ್ತಿ ಒಳಕ್ಕೆ ಎಳೆದುಕೊಳ್ಳುತ್ತದೆ. ಎಂಡೋಸೋಮ್ ಎಂಬ ಈ ಚೀಲ ಒಳಗೆ ಸಾಗಿದಂತೆಲ್ಲ ಜೀವಕೋಶ ಅದರೊಳಕ್ಕೆ ಆಮ್ಲ ತುಂಬುತ್ತದೆ, ತಂದದ್ದನ್ನು ಕರಗಿಸಲೆಂದು. ವೈರಸ್ ಕಾಯುತ್ತಿದ್ದುದು ಆ ಆಮ್ಲಕ್ಕಾಗಿಯೇ. ಇ ಪ್ರೋಟೀನಿನ ಒಂದು ತುದಿಯಲ್ಲಿ ಹತ್ತು ಹನ್ನೆರಡು ಅಮೈನೋ ಆಮ್ಲಗಳ, ಅಂದರೆ ಪ್ರೋಟೀನ್ ಕಟ್ಟುವ ಬಿಡಿ ತುಣುಕುಗಳ, ಸಣ್ಣ ಕುಣಿಕೆಯಿದೆ. ಅದಕ್ಕೆ ನೀರು ಕಂಡರೆ ಆಗದು, ಕೊಬ್ಬು ಕಂಡರೆ ಬಿಡದು. ಹೆಂಚುಗಳು ಮಲಗಿದ್ದಾಗ ಈ ಕುಣಿಕೆ ಜೋಡಿ ಪ್ರೋಟೀನಿನ ಮೈಯಡಿಯಲ್ಲಿ ಅಡಗಿರುತ್ತದೆ. ಚೀಲದೊಳಗಿನ ಪಿಎಚ್ ಆರೂವರೆಯ ಆಸುಪಾಸಿಗೆ ಇಳಿಯುತ್ತಿದ್ದಂತೆ ಜೋಡಿಗಳ ಹಿಡಿತ ಸಡಿಲುತ್ತದೆ. ಮಲಗಿದ್ದ ಇ ಪ್ರೋಟೀನ್‌ಗಳು ಎದ್ದು ನಿಲ್ಲುತ್ತವೆ, ಎರಡೆರಡಾಗಿದ್ದವು ಮೂರುಮೂರಾಗಿ ಕೂಡಿಕೊಳ್ಳುತ್ತವೆ, ತುದಿಯ ಕುಣಿಕೆಗಳು ಚೀಲದ ಪೊರೆಗೆ ನಾಟುತ್ತವೆ. ಈಗ ಪ್ರೋಟೀನಿನ ಒಂದು ತುದಿ ಚೀಲದ ಪೊರೆಯಲ್ಲಿ, ಇನ್ನೊಂದು ತುದಿ ವೈರಸ್ಸಿನ ಪೊರೆಯಲ್ಲಿ. ಬಳಿಕ ಆ ಮೂವಳಿ ಕಟ್ಟು ಕತ್ತರಿಯ ಅಲಗುಗಳು ಮುಚ್ಚಿಕೊಂಡಂತೆ ಮಡಚಿಕೊಳ್ಳುತ್ತದೆ. ಮಡಚುವಾಗ ಎರಡು ಪೊರೆಗಳೂ ಒಂದರ ಹತ್ತಿರಕ್ಕೆ ಇನ್ನೊಂದು ಎಳೆಯಲ್ಪಟ್ಟು, ತುಪ್ಪದ ಎರಡು ಹನಿಗಳು ಕೂಡಿಕೊಂಡಂತೆ ಒಂದಾಗುತ್ತವೆ. ತೂತು ಬಿದ್ದು ಅದರ ಮೂಲಕ ಉಂಡೆ ಜೀವಕೋಶದ ಒಳಕ್ಕೆ ಜಾರುತ್ತದೆ. ಮಡಚಿದ ನಂತರದ ಮೂವಳಿ ಆಕಾರವನ್ನು 2004ರಲ್ಲಿ ಕಂಡುಕೊಂಡರು. ಈ ಚಲನೆ ಒಮ್ಮೆ ಆಯಿತೆಂದರೆ ಆಯಿತು, ಹಿಂದಕ್ಕೆ ಬರಲಾಗದು. ಬೋನಿನ ಬಾಗಿಲು ಬಿದ್ದ ಹಾಗೆ.

ಆಗ ಹೊದಿಕೆ ಕಳಚಿದೆ, ಕ್ಯಾಪ್ಸಿಡ್ ಉದುರಿದೆ, ಉಳಿದಿರುವುದು ಎಳೆಯೊಂದೇ. ಅದರ ಮೊದಲ ತುದಿಯನ್ನು ತಲೆ ಎಂದೂ ಕೊನೆಯದನ್ನು ಬಾಲ ಎಂದೂ ಕರೆಯೋಣ. ತಲೆಗೆ, ಜೀವಕೋಶದ ಸ್ವಂತ ಆದೇಶಗಳಿಗೆ ಇರುವಂಥದ್ದೇ ಟೋಪಿಯಿದೆ. ಆದ್ದರಿಂದ ರೈಬೋಸೋಮ್ ಇದನ್ನು ಮನೆಯವರ ಕಾಗದವೆಂದೇ ನಂಬುತ್ತದೆ. ತಲೆಯಿಂದ ಓದಲಾರಂಭಿಸಿ ಒಂದೇ ಓಟದಲ್ಲಿ 3,416 ಅಮೈನೋ ಆಮ್ಲಗಳ ಒಂದೇ ಉದ್ದ ಪ್ರೋಟೀನನ್ನು ಹೆಣೆಯುತ್ತದೆ. ನಮ್ಮಂಥ ಪ್ರಾಣಿಗಳ ರೈಬೋಸೋಮ್ ಸೆಕೆಂಡಿಗೆ ಐದಾರು ಅಮೈನೋ ಆಮ್ಲಗಳನ್ನು ಜೋಡಿಸುತ್ತದೆ ಎಂದು ಹಿಡಿದರೆ ಇದಕ್ಕೆ ಸುಮಾರು ಹತ್ತು ನಿಮಿಷ ಬೇಕು. ಹೆಣೆಯುವಾಗಲೇ ಈ ಸರಪಳಿ ಜೀವಕೋಶದ ಒಳಪೊರೆಯ ಜಾಲದಲ್ಲಿ, ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬಲ್ಲಿ, ಒಳಕ್ಕೂ ಹೊರಕ್ಕೂ ಹೊಲಿಗೆ ಹಾಕಿದಂತೆ ನೇಯ್ದುಕೊಳ್ಳುತ್ತದೆ. ಪೊರೆಯ ಆಚೆ ಬದಿಗೆ ಬಿದ್ದ ಗಂಟುಗಳನ್ನು ಜೀವಕೋಶದ ಕಿಣ್ವ ಕತ್ತರಿಸುತ್ತದೆ. ಈಚೆ ಬದಿಯದನ್ನು ವೈರಸ್ಸಿನದೇ ಆದ ಎನ್‌ಎಸ್3, ಎನ್‌ಎಸ್2ಬಿಯ ನೆರವಿನಿಂದ, ಕತ್ತರಿಸುತ್ತದೆ. ತಾನೂ ಸೇರಿದ್ದ ಸರಪಳಿಯಿಂದ ಎನ್‌ಎಸ್3 ತನ್ನನ್ನೇ ಬಿಡಿಸಿಕೊಳ್ಳುತ್ತದೆ ಎಂಬುದನ್ನು ಗಮನಿಸಬೇಕು. ಹೀಗೆ ಹತ್ತು ಪ್ರೋಟೀನ್‌ಗಳು ಬೇರೆಬೇರೆಯಾದವು. ಅವುಗಳಲ್ಲಿ ಅತಿ ದೊಡ್ಡದು ಎನ್‌ಎಸ್5. ಎಳೆಗೆ ಟೋಪಿ ಹಾಕುವ ಕೆಲಸದಲ್ಲಿ ಅದಕ್ಕೂ ಪಾಲುಂಟು. ಎಳೆಯನ್ನು ನಕಲು ಮಾಡುವ ಪಾಲಿಮರೇಸ್ ಕೂಡ ಅದೇ.

ಈಗ ಶೀರ್ಷಿಕೆಯ ಮಾತಿಗೆ ಬಂದೆವು. ಇದೇ ಎಳೆ ಮೂರು ಕೆಲಸ ಮಾಡಬೇಕು. ರೈಬೋಸೋಮ್ ಓದುವ ಆದೇಶವಾಗಬೇಕು. ಪಾಲಿಮರೇಸ್ ನಕಲು ಮಾಡುವ ಮೂಲಪ್ರತಿಯಾಗಬೇಕು. ಹೊಸ ಕಣದೊಳಗೆ ತುಂಬುವ ಸರಕಾಗಬೇಕು. ಮೂರನ್ನೂ ಒಟ್ಟಿಗೆ ಮಾಡಲು ಸಾಧ್ಯವೇ ಇಲ್ಲ. ರೈಬೋಸೋಮ್ ತಲೆಯಿಂದ ಬಾಲದ ಕಡೆಗೆ ನಡೆಯುತ್ತದೆ, ಪಾಲಿಮರೇಸ್ ಬಾಲದಿಂದ ತಲೆಯ ಕಡೆಗೆ ಬರುತ್ತದೆ. ಆಗುಂಬೆ ಘಾಟಿಯ ತಿರುವಿನಲ್ಲಿ ಎದುರುಬದುರಾದ ಎರಡು ಬಸ್ಸುಗಳ ಸ್ಥಿತಿ. ಅಲ್ಲಾದರೂ ಒಂದು ಬಸ್ಸು ಹಿಂದಕ್ಕೆ ಸರಿಯಬಹುದು, ಇಲ್ಲಿ ರೈಬೋಸೋಮ್ ಹಿಂದೆ ಸರಿಯುವ ಜಾತಿಯದಲ್ಲ. ಪಾಸಿಟಿವ್ ಎಳೆಯ ವೈರಸ್‌ಗಳ ರಚನೆಯಲ್ಲೂ ವಂಶವೃದ್ಧಿಯಲ್ಲೂ ನಮಗೆ ವಿಚಿತ್ರವೆನಿಸುವ ಹಲವು ಏರ್ಪಾಡುಗಳು ಈ ಒಂದು ಇಕ್ಕಟ್ಟಿಗೆ ಕಂಡುಕೊಂಡ ಪರಿಹಾರಗಳು ಎಂಬುದು ನನ್ನ ಎಣಿಕೆ. ಪಠ್ಯಪುಸ್ತಕಗಳು ಅವನ್ನು ಬಿಡಿಬಿಡಿ ಸಂಗತಿಗಳಾಗಿ ಪಟ್ಟಿ ಮಾಡುವುದು ನನಗೆ ಸರಿಬರುವುದಿಲ್ಲ.

ಪೋಲಿಯೊ ವೈರಸ್ಸಿನಲ್ಲಿ ಓದುವುದರಿಂದ ನಕಲು ಮಾಡುವುದಕ್ಕೆ ಎಳೆ ಹೇಗೆ ಬದಲಾಗುತ್ತದೆ ಎಂಬುದನ್ನು 1998ರಲ್ಲಿ ಆಂದ್ರೆಯಾ ಗಮಾರ್ನಿಕ್ ಮತ್ತು ರಾವುಲ್ ಆಂದಿನೊ ತೋರಿಸಿದರು. ಮುಂದೆ ಅರ್ಜೆಂಟೀನಾಕ್ಕೆ ಮರಳಿದ ಗಮಾರ್ನಿಕ್, ಬ್ಯೂನಸ್ ಐರಿಸ್‌ನಲ್ಲಿ ಡೆಂಗಿಯನ್ನು ಕೈಗೆತ್ತಿಕೊಂಡು, 2006ರಲ್ಲಿ ತಮ್ಮ ತಂಡದೊಡನೆ ಒಂದು ಬೆರಗಿನ ಸಂಗತಿ ಕಂಡರು. ನಕಲು ಶುರುವಾಗುವುದು ಬಾಲದಲ್ಲಿ ಎಂದೆನಲ್ಲ. ಆದರೆ ಎನ್‌ಎಸ್5 ಮೊದಲು ಹೋಗಿ ಕೂರುವುದು ತಲೆಯ ಬಳಿಯ ಮಡಿಕೆಯಲ್ಲಿ. ಹತ್ತು ಸಾವಿರ ಅಕ್ಷರಗಳಾಚೆ ಇರುವ ಬಾಲವನ್ನು ಅದು ಮುಟ್ಟುವುದು ಹೇಗೆ? ತಲೆಯ ಹತ್ತಿರದ ಕೆಲವು ಅಕ್ಷರಗಳೂ ಬಾಲದ ಹತ್ತಿರದ ಕೆಲವು ಅಕ್ಷರಗಳೂ ಒಂದಕ್ಕೊಂದು ಹೊಂದುವಂಥವು. ಎಳೆ ಬಾಗಿ ಬಳೆಯಾಗಿ, ತಲೆ ಬಾಲಗಳು ಕೂಡಿಕೊಂಡಾಗ ಎನ್‌ಎಸ್5 ತಲೆಯ ಬದಿಯಿಂದ ಬಾಲಕ್ಕೆ ದಾಟುತ್ತದೆ. ಇದರಿಂದ ಎರಡು ಲಾಭ. ಬಳೆಯಾದ ಎಳೆಯ ತಲೆಯ ಬಳಿಯ ಮಡಿಕೆಗಳು ಬದಲಾಗುವುದರಿಂದ ಹೊಸ ರೈಬೋಸೋಮ್ ಹತ್ತುವುದು ಕಷ್ಟವಾಗುತ್ತದೆ. ಎರಡೂ ತುದಿಗಳು ನೆಟ್ಟಗಿರುವ ಪೂರ್ಣ ಎಳೆ ಮಾತ್ರ ಬಳೆಯಾಗಬಲ್ಲುದರಿಂದ ತುಂಡಾದ ಎಳೆಗಳನ್ನು ನಕಲು ಮಾಡಿ ಪಾಲಿಮರೇಸ್ ಹೊತ್ತು ಕಳೆಯುವುದಿಲ್ಲ.

ಎರಡನೆಯ ಪರಿಹಾರ ಪೊರೆಯದು. ಸೋಂಕು ತಗುಲಿದ ಜೀವಕೋಶದ ಒಳಪೊರೆಯ ಜಾಲದಲ್ಲಿ ಸುಮಾರು 90 ನ್ಯಾನೋಮೀಟರ್ ಅಗಲದ ಗುಳಿಗಳು ಮೂಡುತ್ತವೆ. ಪೊರೆ ಒಳಕ್ಕೆ ಚೀಲದಂತೆ ತಗ್ಗಿರುತ್ತದೆ, ಬಾಯಿ ಮಾತ್ರ ಹತ್ತು ನ್ಯಾನೋಮೀಟರಿನಷ್ಟು ಕಿರಿದು. 2009ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ರಾಲ್ಫ್ ಬಾರ್ಟೆನ್‌ಷ್ಲಾಗರ್ ಅವರ ತಂಡ ಡೆಂಗಿ ಸೋಂಕಿನ ಜೀವಕೋಶಗಳನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಓರೆಓರೆಯಾಗಿ ನೋಡಿ ಇವುಗಳ ಮೂರು ಆಯಾಮದ ಚಿತ್ರ ಕಟ್ಟಿತು. ನಕಲಿನ ಕೆಲಸ ನಡೆಯುವುದು ಈ ಗುಳಿಗಳ ಒಳಗೆ. ಬಾಯಿ ಎಷ್ಟು ಕಿರಿದೆಂದರೆ ರೈಬೋಸೋಮ್ ಅದರೊಳಕ್ಕೆ ತೂರಲಾರದು. ಓದುವವರು ಹೊರಗೆ, ನಕಲು ಮಾಡುವವರು ಒಳಗೆ, ಘಾಟಿಯಲ್ಲಿ ಬಸ್ಸುಗಳು ಎದುರಾಗುವ ಪ್ರಸಂಗವೇ ಇಲ್ಲ. ಒಳಗೆ ಎನ್‌ಎಸ್5 ಮೊದಲು ಒಂದು ನೆಗೆಟಿವ್ ಎಳೆ ತೆಗೆಯುತ್ತದೆ. ಅಚ್ಚು ಸಿದ್ಧವಾಯಿತು. ಬಳಿಕ ಆ ಅಚ್ಚಿನಿಂದ ಸಕ್ಕರೆಯ ಗಿಳಿಗಳು ಒಂದರ ಮೇಲೊಂದು ಬರುತ್ತವೆ. ಒಂದು ನೆಗೆಟಿವ್ ಎಳೆಗೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ಪಾಸಿಟಿವ್ ಎಳೆಗಳು. ಅಚ್ಚಿಗೂ ಗಿಳಿಗೂ ಅಂಟಿಕೊಂಡ ಎಳೆಗಳನ್ನು ಬಿಡಿಸುವುದಕ್ಕೆ ಎನ್‌ಎಸ್3ರ ಇನ್ನೊಂದು ಅರ್ಧ ದುಡಿಯುತ್ತದೆ.

ಗುಳಿಯಿಂದ ಮತ್ತೊಂದು ಪ್ರಯೋಜನವೂ ಇದೆ. ನಕಲಿನ ನಡುವೆ ಪಾಸಿಟಿವ್ ಮತ್ತು ನೆಗೆಟಿವ್ ಎಳೆಗಳು ಹೆಣೆದುಕೊಂಡ ಉದ್ದನೆಯ ಇಬ್ಬೆಳೆ ಆರ್‌ಎನ್‌ಎ ಹುಟ್ಟುತ್ತದೆ. ಆರೋಗ್ಯವಂತ ಜೀವಕೋಶದ ದ್ರವದಲ್ಲಿ ಅಂಥದ್ದು ಸಾಮಾನ್ಯವಾಗಿ ಇರುವುದಿಲ್ಲ. ಅದು ಕಣ್ಣಿಗೆ ಬಿದ್ದರೆ ಜೀವಕೋಶದ ಕಾವಲು ಪ್ರೋಟೀನ್‌ಗಳು ಇಂಟರ್‌ಫೆರಾನ್ ಹೊರಡಿಸಿ ನೆರೆಹೊರೆಯ ಜೀವಕೋಶಗಳನ್ನೆಲ್ಲ ಎಚ್ಚರಿಸುತ್ತವೆ. ಗುಳಿ ಅದನ್ನು ಮರೆಮಾಡುತ್ತದೆ.

ಮನೆತನ ಬೇರೆಯಾದರೂ ಉಪಾಯ ಇದೇ. ಚಿಕುನ್‌ಗುನ್ಯಾ ವೈರಸ್ ಗುಳಿ ತೋಡುವುದು ಜೀವಕೋಶದ ಹೊರಪೊರೆಯಲ್ಲಿ. ಆ ಗುಳಿಯ ಬಾಯಿಗೆ ಎನ್‌ಎಸ್‌ಪಿ1 ಪ್ರೋಟೀನಿನ ಹನ್ನೆರಡು ಪ್ರತಿಗಳು ಬಳೆಯಾಗಿ ಕೂತು ಬಾಗಿಲಿನ ಚೌಕಟ್ಟಾಗಿರುವುದನ್ನು 2021ರಲ್ಲಿ ಕಂಡರು. ಕೊರೊನಾ ವೈರಸ್ ಇಮ್ಮಡಿ ಪೊರೆಯ ಗುಳ್ಳೆಗಳನ್ನೇ ಕಟ್ಟಿಸಿಕೊಳ್ಳುತ್ತದೆ. ಅಂದರೆ ಈ ವೈರಸ್‌ಗಳಿಗೆ ಪೊರೆ ಎರಡು ಬಾರಿ ಬೇಕಾಗುತ್ತದೆ, ಪ್ರಯಾಣದಲ್ಲಿ ಅಂಗಿಯಾಗಿ, ಬೀಡುಬಿಟ್ಟಲ್ಲಿ ಕಾರ್ಯಾಗಾರವಾಗಿ.

ನಕಲು ಮಾಡುವಾಗ ಎನ್‌ಎಸ್5 ತಪ್ಪು ಮಾಡುತ್ತದೆ. ಹತ್ತು ಸಾವಿರದಿಂದ ಲಕ್ಷ ಅಕ್ಷರಗಳಿಗೊಂದು ತಪ್ಪು, ತಿದ್ದುವ ವ್ಯವಸ್ಥೆಯಿಲ್ಲ. ಕೊರೊನಾ ವೈರಸ್‌ಗಳು ಸುಮಾರು 30,000 ಅಕ್ಷರಗಳಷ್ಟು ಉದ್ದದ ಎಳೆಯನ್ನು ಇಟ್ಟುಕೊಳ್ಳಲು ಸಾಧ್ಯವಾಗಿರುವುದು ಅವುಗಳ ಬಳಿ ಕರಡು ತಿದ್ದುವ ಕಿಣ್ವ ಇರುವುದರಿಂದ. ಹೆಪಟೈಟಿಸ್ ಸಿ ವೈರಸ್ಸಿನ ಪಾಲಿಮರೇಸ್‌ಗೆ ಹುಸಿ ಅಕ್ಷರ ತಿನ್ನಿಸಿ ನಕಲನ್ನು ಅರ್ಧಕ್ಕೇ ನಿಲ್ಲಿಸುವ ಸೊಫೋಸ್‌ಬುವಿರ್ ಎಂಬ ಮದ್ದು 2013ರಲ್ಲಿ ಅಮೆರಿಕದಲ್ಲಿ ಬಳಕೆಗೆ ಒಪ್ಪಿಗೆ ಪಡೆಯಿತು. ಮಂಗನ ಕಾಯಿಲೆಗೆ ಅಂಥ ನಿರ್ದಿಷ್ಟ ಮದ್ದು ಇಲ್ಲ. ಆಸ್ಪತ್ರೆಯಲ್ಲಿ ನೀರಿನಂಶ, ರಕ್ತದೊತ್ತಡ, ರಕ್ತಸ್ರಾವಗಳನ್ನು ನೋಡಿಕೊಂಡು ರೋಗಿಯನ್ನು ದಾಟಿಸುತ್ತಾರೆ.

ಮೂರನೆಯ ಕೆಲಸ, ತುಂಬುವುದು. ಗುಳಿಯ ಕಿರುಬಾಯಿಯಿಂದ ಹೊಸ ಪಾಸಿಟಿವ್ ಎಳೆ ಹೊರಬರುತ್ತಿದ್ದಂತೆ ಕ್ಯಾಪ್ಸಿಡ್ ಅದನ್ನು ಹಿಡಿಯುತ್ತದೆ. ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ, ಗುಳಿಯ ಬಾಯಿಗೆ ಎದುರಾಗಿರುವ ಪೊರೆಯಲ್ಲೇ ಹೊಸ ಕಣಗಳು ಮೊಗ್ಗಿನಂತೆ ಉಬ್ಬುವುದು ಕಾಣುತ್ತದೆ. ಹೊಸದಾಗಿ ನಕಲಾದ ಎಳೆಗಳಷ್ಟೇ ಕಣದೊಳಗೆ ಸೇರುವುದು ಇದೇ ಕಾರಣಕ್ಕೆ. ಜೀವಕೋಶದ ಲಕ್ಷಾಂತರ ಇತರ ಆರ್‌ಎನ್‌ಎಗಳ ಮೇಲೆ ಕ್ಯಾಪ್ಸಿಡ್ ಕೈಹಾಕುವುದಿಲ್ಲ.

ಹೀಗೆ ಹುಟ್ಟಿದ, ಇನ್ನೂ ಬಲಿಯದ ಕಣ ನುಣುಪಲ್ಲ. 60 ನ್ಯಾನೋಮೀಟರ್ ಅಗಲದ ಅದರ ಮೈತುಂಬ ಅರವತ್ತು ಮುಳ್ಳುಗಳು, ಪ್ರತಿ ಮುಳ್ಳಿನಲ್ಲೂ ಮೂರು ಇ ಮತ್ತು ಮೂರು ಪಿಆರ್‌ಎಂ. ಅದು ಹೊರಹೋಗುವ ದಾರಿ ಗಾಲ್ಜಿ ಎಂಬ, ಜೀವಕೋಶ ಸರಕು ಸಾಗಿಸುವ ಪೊರೆಚೀಲಗಳ ಮೂಲಕ, ಅಲ್ಲಿಯೂ ಆಮ್ಲ. ಕುಣಿಕೆ ಅಲ್ಲೇ ತೆರೆದುಕೊಂಡರೆ ವೈರಸ್ ಹೊರಗೆ ಹೋಗುವ ಮೊದಲೇ ಮನೆಯ ಪೊರೆಗೇ ಬೆಸೆದು ಹಾಳಾಗಬೇಕಾಗುತ್ತದೆ. ಮಳೆಗಾಲದಲ್ಲಿ ಕೊಳೆರೋಗ ತಗುಲಬಾರದೆಂದು ಅಡಿಕೆ ಗೊನೆಗೆ ಕೊಟ್ಟೆ ಕಟ್ಟುತ್ತೀರಲ್ಲ, ಪಿಆರ್‌ಎಂ ಪ್ರೋಟೀನಿನ ಪಿಆರ್ ಎಂಬ ತುಣುಕು ಆ ಕುಣಿಕೆಗೆ ಕಟ್ಟಿದ ಕೊಟ್ಟೆ. ಗಾಲ್ಜಿಯ ಆಮ್ಲದಲ್ಲಿ ಮುಳ್ಳುಗಳು ಮಲಗಿ ಹೆಂಚುಗಳಾಗುತ್ತವೆ. ಜೀವಕೋಶದ ಫ್ಯೂರಿನ್ ಎಂಬ ಕಿಣ್ವ ಕೊಟ್ಟೆಯ ಹಗ್ಗ ಕೊಯ್ಯುತ್ತದೆ. ಆದರೂ ಕೊಟ್ಟೆ ಅಲ್ಲೇ ಅಂಟಿಕೊಂಡಿದ್ದು, ಕಣ ಹೊರಬಂದು ಆಮ್ಲವಿಲ್ಲದ ರಕ್ತಕ್ಕೆ ಸೇರಿದ ಮೇಲಷ್ಟೇ ಉದುರುತ್ತದೆ. ಕೆಲಸ ಯಾವಾಗಲೂ ಪೂರ್ತಿಯಾಗುವುದಿಲ್ಲ. ಒಂದು ಬದಿ ನುಣುಪು, ಇನ್ನೊಂದು ಬದಿ ಮುಳ್ಳು ಇರುವ ಅರೆಬಲಿತ ಕಣಗಳೂ ಧಾರಾಳವಾಗಿ ಹೊರಬರುತ್ತವೆ.

ಕೊನೆಗೆ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಇಷ್ಟೆಲ್ಲ ನಡೆದರೆ ಉಣ್ಣೆಗೂ ಕಾಯಿಲೆ ಬರಬೇಕಲ್ಲ ಸರ್?” ಇದೇ ಗುಳಿ, ಇದೇ ಬಳೆ, ಇದೇ ಅಚ್ಚು ಉಣ್ಣೆಯ ಜೀವಕೋಶದಲ್ಲೂ ಇವೆ, ಆದರೆ ಅಲ್ಲಿ ಜೀವಕೋಶ ಸಾಯುವುದಿಲ್ಲ. ವೈರಸ್ ನಿಧಾನವಾಗಿ, ತಿಂಗಳುಗಟ್ಟಲೆ ಉಳಿದುಕೊಳ್ಳುತ್ತದೆ. ಮಳೆ ಬಿಟ್ಟ ಮೇಲೆ ಮೊಟ್ಟೆಯೊಡೆದು ಬಂದ ಮರಿ ಉಣ್ಣೆ ಸೋಂಕಿನ ಮಂಗದ ರಕ್ತ ಹೀರಿ, ತೃಪ್ತಿಯಾಗಿ ನೆಲಕ್ಕೆ ಬೀಳುತ್ತದೆ. ಮಂಗ ಸತ್ತ ಜಾಗದಲ್ಲಂತೂ ಅಂಥವು ನೂರಾರು. ಪೊರೆ ಕಳಚಿ ಎಂಟು ಕಾಲಿನ ಕಿರಿಯ ಉಣ್ಣೆಯಾಗುವಾಗ ಅದರ ಮೈಯ ಬಹುಭಾಗ ಹೊಸದಾಗಿ ಕಟ್ಟಿಕೊಳ್ಳುತ್ತದೆ, ಎಳೆ ಮಾತ್ರ ಹಾಗೇ ದಾಟಿಕೊಂಡು ಬರುತ್ತದೆ. ಸಾಸಿವೆ ಕಾಳಿಗಿಂತ ಚಿಕ್ಕದಾದ ಆ ಉಣ್ಣೆ ಡಿಸೆಂಬರಿನ ಹೊತ್ತಿಗೆ ನೆಲದ ತರಗೆಲೆಯ ಮೇಲೆ ಮುಂಗಾಲು ಚಾಚಿ ಕೂತಿರುತ್ತದೆ. ಕೊಟ್ಟಿಗೆಗೆ ಹಾಸಲು ದರಕು ಗುಡಿಸಿ ತರುವ ಕಾಲವೂ ಅದೇ.